ಹೆರಿಗೆಯ ದಿನ ತಲೆಯಿಂದ ಹೋಗದಿದ್ದಾಗ: ದಾವಣಗೆರೆಯಲ್ಲಿ ಪಡೆದ ಟ್ರಾಮಾ ಥೆರಪಿ

ಬಾಣಂತನಕ್ಕೆ ಜಗಳೂರಿನ ತವರಿನಲ್ಲಿದ್ದಾಗ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಸ್ಟೀಲ್ ತಟ್ಟೆ ಬಿತ್ತು. ನಾನು ಮಗುವಿಗೆ ಹಾಲು ಕೊಡುತ್ತಿದ್ದೆ. ಆ ಸದ್ದಿಗೆ ಕೈಕಾಲು ತಣ್ಣಗಾದವು, ಉಸಿರು ಕಟ್ಟಿತು. ಒಂದೆರಡು ನಿಮಿಷ ನಾನು ಆ ಕೋಣೆಯಲ್ಲಿ ಇರಲೇ ಇಲ್ಲ. ಹೆರಿಗೆ ವಾರ್ಡಿನ ಟ್ಯೂಬ್‌ಲೈಟ್ ಕೆಳಗೆ ಮಲಗಿದ್ದೆ.

ಮಗಳು ಹುಟ್ಟಿದಾಗ ಎಲ್ಲ ಸರಿಯಾಗೇ ಇತ್ತು. ಅತ್ತಳು, ಮಾಸು ಬಿತ್ತು. ಆಮೇಲೆ ರಕ್ತ ನಿಲ್ಲಲಿಲ್ಲ. ಯಾರೋ ಹೊಟ್ಟೆಯ ಮೇಲೆ ಬಲವಾಗಿ ಒತ್ತುತ್ತಿದ್ದರು, ಪ್ರಾಣ ಹೋಗುವಷ್ಟು ನೋವು. ಒಂದು ಟ್ರೇ ನೆಲಕ್ಕೆ ಬಿತ್ತು. "ಇನ್ನೊಂದು ಬಾಟಲಿ ರಕ್ತ ತರಿಸಿ" ಎಂದು ಯಾರೋ ಕೂಗಿದರು. ಅಷ್ಟರಲ್ಲಿ ಆಯಾ ನನ್ನ ಕಾಲುಂಗುರ ಬಿಚ್ಚಲು ಶುರು ಮಾಡಿದಳು. ಮುತ್ತೈದೆಯ ಕಾಲುಂಗುರ ತೆಗೆಯುತ್ತಿದ್ದಾರೆ ಎಂದರೆ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಯಾರೂ ನನಗೆ ಏನೂ ಹೇಳಲಿಲ್ಲ. ಆಸ್ಪತ್ರೆಯವರು ಜೀವ ಉಳಿಸಿದರು, ಅದಕ್ಕೆ ಋಣಿ. ಆದರೆ ಆ ಹೊತ್ತಿನಲ್ಲಿ ಒಂದು ಮಾತು ಆಡಿದ್ದರೆ ಎಷ್ಟೋ ಆಗುತ್ತಿತ್ತು.

ಮನೆಯಲ್ಲಿ ಹೇಳಿದರೆ ಅವ್ವನದು ಒಂದೇ ಮಾತು. "ಕೂಸು ಗುಂಡುಗುಂಡಗೈತಲ್ಲ, ಇನ್ನೇನ್ ಬೇಕವ್ವ ನಿಂಗೆ?" ಅತ್ತೆ ಬಾಣಂತಿ ಸನ್ನಿ ಇರಬಹುದೆಂದು ಹೆದರಿ ತಾಯಿತ ಕಟ್ಟಿಸಿದರು. ಇಬ್ಬರದೂ ಪ್ರೀತಿಯೇ. ನಾನು ಮಾತ್ರ ರಾತ್ರಿಯಿಡೀ ಎದ್ದು ಕೂರುತ್ತಿದ್ದೆ. ಮಗು ಮಲಗಿದ್ದರೂ ನಿದ್ದೆ ಬರುತ್ತಿರಲಿಲ್ಲ. ಇಷ್ಟು ದೂರ ಬಂದ ಮೇಲೆ ಬರೆಯುತ್ತಿದ್ದೇನೆ, ಯಾಕೆಂದರೆ ಇದೇ ಸ್ಥಿತಿಯಲ್ಲಿ ಇನ್ನೊಬ್ಬಳು ಇದನ್ನು ಓದುತ್ತಿರಬಹುದು.

ದಾವಣಗೆರೆಗೆ ವಾಪಸ್ ಬಂದ ಮೇಲೆ ಮಗುವನ್ನು ತೋರಿಸಲು ಹೋಗಿದ್ದೆ. ಮಕ್ಕಳ ಡಾಕ್ಟರು ಮಗುವಿನ ತೂಕ ನೋಡಿ ಬರೆದುಕೊಂಡು, "ನಿಮಗೆ ನಿದ್ದೆ ಬರುತ್ತಾ?" ಎಂದು ಕೇಳಿದರು. ಅಲ್ಲೇ ಅತ್ತುಬಿಟ್ಟೆ. ಅವರು ವಿದ್ಯಾನಗರದ ಒಬ್ಬ ಕೌನ್ಸೆಲರ್ ಹತ್ತಿರ ಹೋಗಲು ಚೀಟಿ ಬರೆದುಕೊಟ್ಟರು. ಮೇಡಂ ಹೆಸರು ಹಾಕುತ್ತಿಲ್ಲ. ಈ ಬರಹ ಅವರಿಗಿಂತ ಹೆಚ್ಚಾಗಿ ಆ ಚಿಕಿತ್ಸೆಯ ಬಗ್ಗೆ.

ಮೊದಲ ಭೇಟಿಯಲ್ಲಿ ಹತ್ತು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು, ಎಡಿನ್‌ಬರೋ ಸ್ಕೇಲ್ ಅಂತ. ಕಳೆದ ಏಳು ದಿನ ಮನಸ್ಸು ಹೇಗಿತ್ತು ಎಂದು ಅದರಲ್ಲಿ ಕೇಳುತ್ತಾರೆ. ಖಿನ್ನತೆ ಅಷ್ಟೇನೂ ಕಾಣಲಿಲ್ಲ. ಹಾಳೆ ಪಕ್ಕಕ್ಕಿಟ್ಟು ಕೇಳಿದರು: "ಹೆರಿಗೆಯ ದಿನ ಏನಾಯಿತು, ಹೇಳ್ತೀರಾ?" ಐದು ತಿಂಗಳಲ್ಲಿ ಹೀಗೆ ಕೇಳಿದವರು ಅವರೊಬ್ಬರೇ. ಬಾಣಂತಿಯ ಖಿನ್ನತೆ ಬೇರೆ, ಹೆರಿಗೆಯ ಆಘಾತ ಬೇರೆ, ಕೆಲವರಿಗೆ ಎರಡೂ ಇರುತ್ತವೆ ಎಂದು ಬಿಡಿಸಿ ಹೇಳಿದರು. ಸಾಯುವ ಯೋಚನೆ ಬಂದರೆ, ಅಥವಾ ಇಲ್ಲದ್ದು ಕಾಣಿಸಿ ಕೇಳಿಸತೊಡಗಿದರೆ, ತಡಮಾಡದೆ ಮನೋವೈದ್ಯರ ಹತ್ತಿರ ಹೋಗಬೇಕು ಎಂದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಳ್ಳುವ ವಾರ್ಡ್ ಇದೆ ಎಂದು ನನಗೆ ಗೊತ್ತಾದದ್ದು ಆಗಲೇ.

ಆಮೇಲೆ ಆ ದಿನವನ್ನು ತುಂಡು ತುಂಡಾಗಿ ಅರ್ಥ ಮಾಡಿಸಿದರು. ಮಾಸು ಬಿದ್ದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಬೇಕು, ಆಗಲೇ ರಕ್ತನಾಳಗಳ ಬಾಯಿ ಮುಚ್ಚುವುದು. ನನ್ನದು ಮುದುಡಲಿಲ್ಲ. ಹೊಟ್ಟೆ ಒತ್ತಿದ್ದು ಅದನ್ನು ಮುದುಡಿಸಲು. ಕಾಲುಂಗುರ ತೆಗೆದದ್ದು ಥಿಯೇಟರ್‌ಗೆ ಕರೆದೊಯ್ಯಬೇಕಾದೀತು ಎಂದು. ಆಪರೇಷನ್‌ಗೆ ಮೊದಲು ಮೈಮೇಲಿನ ಒಡವೆ ಎಲ್ಲ ತೆಗೆಯುತ್ತಾರೆ. ಇಷ್ಟೇ ವಿಷಯ! ಮನೆಗೆ ಬಂದು ಕುಂಕುಮದ ಡಬ್ಬಿಯಲ್ಲಿ ಬಿದ್ದಿದ್ದ ಕಾಲುಂಗುರ ತುಂಬಾ ಹೊತ್ತು ನೋಡಿದೆ. ಹಾಕಿಕೊಳ್ಳಲು ಮಾತ್ರ ಆಗಲಿಲ್ಲ.

ಮೂರನೇ ಭೇಟಿಯಿಂದ ಇಎಂಡಿಆರ್ ಶುರುವಾಯಿತು, ಅಂದರೆ ಕೆಟ್ಟ ನೆನಪನ್ನು ಮನಸ್ಸಿಗೆ ತಂದುಕೊಂಡು ಕಣ್ಣನ್ನು ಎಡಕ್ಕೂ ಬಲಕ್ಕೂ ಆಡಿಸುವ ಚಿಕಿತ್ಸೆ. ಅಮೆರಿಕದ ಫ್ರಾನ್ಸಿನ್ ಶಪೀರೋ ಎಂಬ ಮನಃಶಾಸ್ತ್ರಜ್ಞೆ 1987ರಲ್ಲಿ ಇದರ ದಾರಿ ಹಿಡಿದರು. ಆಘಾತಕ್ಕೆ ಕೊಡಬಹುದಾದ ಚಿಕಿತ್ಸೆಗಳಲ್ಲಿ ಇದೂ ಒಂದು ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಶಿಫಾರಸು ಮಾಡಿದೆ. ಇದರಲ್ಲಿ ವಶೀಕರಣ ಇಲ್ಲ, ಮೈಮರೆಸುವುದೂ ಇಲ್ಲ. ಪೂರ್ತಿ ಎಚ್ಚರವಾಗಿರುತ್ತೀರಿ, ಸಾಕು ಅಂದರೆ ನಿಲ್ಲಿಸುತ್ತಾರೆ.

ನಡೆದದ್ದು ಹೀಗೆ. ಅತಿ ಕೆಟ್ಟ ಚಿತ್ರ ಒಂದನ್ನು ಹಿಡಿಯಿರಿ ಎಂದರು. ಟ್ಯೂಬ್‌ಲೈಟ್, ಕಾಲಿನ ಬೆರಳ ಮೇಲೆ ಯಾರದೋ ಕೈ. ಆಗ ನಿಮ್ಮ ಬಗ್ಗೆ ಏನನಿಸುತ್ತದೆ? "ನಾನು ಸಾಯ್ತಾ ಇದ್ದೀನಿ." ಸೊನ್ನೆಯಿಂದ ಹತ್ತರಲ್ಲಿ ಸಂಕಟ ಎಷ್ಟು? ಒಂಬತ್ತು. ಮೈಯಲ್ಲಿ ಎಲ್ಲಿ? ಎದೆಗೂಡಿನ ಕೆಳಗೆ. ಆಮೇಲೆ ಮೇಡಂ ಎರಡು ಬೆರಳು ಎತ್ತಿ ಎಡಕ್ಕೂ ಬಲಕ್ಕೂ ಆಡಿಸಿದರು. ತಲೆ ಅಲ್ಲಾಡಿಸದೆ ಕಣ್ಣಿನಲ್ಲೇ ಹಿಂಬಾಲಿಸಬೇಕು. ಅರ್ಧ ನಿಮಿಷ ಇರಬಹುದು. ನಿಲ್ಲಿಸಿ, "ಏನು ಬಂತು?" ಎಂದು ಕೇಳಿದರು. ಬಂದದ್ದನ್ನು ಹೇಳಿದೆ. ಮತ್ತೆ ಬೆರಳು. ನಾಲ್ಕೈದು ಸಲ ಆದ ಮೇಲೆ ಇಷ್ಟು ದಿನ ನೆನಪೇ ಇರದಿದ್ದ ಒಂದು ಸಂಗತಿ ಬಂತು. ಕಾಲುಂಗುರ ಬಿಗಿಯಾಗಿತ್ತು. ಆಯಾ ಎಣ್ಣೆ ಹಚ್ಚಿ ಮೆಲ್ಲಗೆ ತಿರುಗಿಸುತ್ತಾ, "ನೋವಾಯ್ತೇನವ್ವ?" ಎಂದು ಕೇಳಿದ್ದಳು. ನನ್ನ ಜೊತೆ ಒಬ್ಬಳು ಮಾತಾಡಿದ್ದಳು! ಕುರ್ಚಿಯಲ್ಲಿ ಕೂತು ಜೋರಾಗಿ ಅತ್ತೆ. ಆ ದಿನ ಒಂಬತ್ತು ಇದ್ದದ್ದು ಐದಕ್ಕೆ ಇಳಿಯಿತು.

ಕಣ್ಣಾಡಿಸುವುದರಿಂದಲೇ ಗುಣವಾಗುತ್ತದೆಯೋ, ಆ ನೆನಪನ್ನು ಧೈರ್ಯವಾಗಿ ಮತ್ತೆ ನೋಡುವುದರಿಂದಲೋ? ತಜ್ಞರಲ್ಲೇ ಈ ಬಗ್ಗೆ ಒಮ್ಮತವಿಲ್ಲ ಎಂದು ಮೇಡಂ ಅವರೇ ಹೇಳಿದರು. ಮುಚ್ಚಿಡದೆ ಹೇಳಿದ್ದಕ್ಕೆ ಅವರ ಮೇಲೆ ನಂಬಿಕೆ ಜಾಸ್ತಿ ಆಯಿತು.

ತೊಂದರೆಗಳೂ ಇವೆ. ಇಎಂಡಿಆರ್ ಶುರುವಾದ ಆ ವಾರವೆಲ್ಲ ಕೆಟ್ಟ ಕನಸು, ತಲೆನೋವು. ಹೀಗಾಗಬಹುದು ಎಂದು ಮೊದಲೇ ಎಚ್ಚರಿಸಿದ್ದರು, ಆದರೂ ಕಷ್ಟವಾಯಿತು. ಎದೆಯ ಮೇಲೆ ಕೈ ಅಡ್ಡ ಇಟ್ಟುಕೊಂಡು ಎಡ ಬಲ ಮೆಲ್ಲಗೆ ತಟ್ಟಿಕೊಳ್ಳುವುದನ್ನು ಕಲಿಸಿದ್ದರು, ರಾತ್ರಿ ಅದೇ ಆಸರೆ. ಕ್ಲಿನಿಕ್ ಎರಡನೇ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಹಾಲು ಕೊಡಲು ಮರೆಯಾದ ಜಾಗ ಇಲ್ಲ. ಬಾಣಂತಿಯರು ಬರುವ ಕಡೆ ಒಂದು ಪರದೆಯಾದರೂ ಬೇಕು, ಅಲ್ವಾ? ಫೀಸು ಒಂದು ಸಲಕ್ಕೆ 900 ರೂಪಾಯಿ, ಸುಮಾರು ಒಂದೂಕಾಲು ಗಂಟೆ. ಎಂಟು ಸಲ ಹೋದೆ. ನಮ್ಮಂಥವರಿಗೆ ಇದು ಸಣ್ಣ ಮೊತ್ತವಲ್ಲ. ನಮ್ಮ ಯಜಮಾನರು ಒಂದು ಸಲವೂ ಲೆಕ್ಕ ಕೇಳಲಿಲ್ಲ.

ಪ್ರತಿ ಸಲ ಅವ್ವ ಜಗಳೂರಿನಿಂದ ಬಸ್ಸಿನಲ್ಲಿ ಬಂದು ಹೊರಗೆ ಬೆಂಚಿನ ಮೇಲೆ ಮಗುವನ್ನು ಎತ್ತಿಕೊಂಡು ಕೂರುತ್ತಿದ್ದಳು. ಆರನೇ ಸಲ ಮೆಟ್ಟಿಲು ಇಳಿಯುವಾಗ ತಾನಾಗೇ ಹೇಳಿದಳು. "ನಿನ್ನ ತಮ್ಮ ಹುಟ್ಟಿದಾಗ ನಂಗೂ ಹಂಗೇ ಆಗಿತ್ತು. ಯಾರಿಗೂ ಹೇಳಿರಲಿಲ್ಲ." ಆಟೊ ಬರುವವರೆಗೆ ಇಬ್ಬರೂ ಕೈ ಹಿಡಿದುಕೊಂಡು ನಿಂತಿದ್ದೆವು.

ಒಂಬತ್ತು ತಿಂಗಳಿಗೆ ದಡಾರದ ಲಸಿಕೆ ಹಾಕಿಸಲು ಹೆರಿಗೆಯಾದ ಆಸ್ಪತ್ರೆಗೇ ಹೋದೆ. ಬಾಗಿಲ ಹತ್ತಿರ ಎದೆ ಹೊಡೆದುಕೊಂಡಿತು. ಸ್ವಲ್ಪ ಹೊತ್ತು ಕೂತೆ, ತಟ್ಟಿಕೊಂಡೆ, ಒಳಗೆ ಹೋದೆ. ಎಲ್ಲೋ ಟ್ರೇ ಸದ್ದಾಯಿತು. ತಿರುಗಿ ನೋಡಿದೆ, ಅಷ್ಟೇ. ಕಾಲುಂಗುರ ಹಾಕಿಕೊಂಡೇ ಹೋಗಿದ್ದೆ.

ಹುಡುಕುವವರು ಇಷ್ಟು ಮಾಡಿ. ಕೌನ್ಸೆಲರ್ ಆಘಾತದ ಚಿಕಿತ್ಸೆಯಲ್ಲಿ ತರಬೇತಿ ಪಡೆದಿದ್ದಾರಾ ಎಂದು ನೇರವಾಗಿ ಕೇಳಿ, ಅವರು ಬೇಸರ ಮಾಡಿಕೊಳ್ಳುವುದಿಲ್ಲ. ತಕ್ಷಣ ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಾನೂ ಒಂದು ರಾತ್ರಿ ಎರಡು ಗಂಟೆಗೆ ಮಾಡಿದ್ದೆ. ಮತ್ತೆ, ಹೋಗುವಾಗ ಮಗುವನ್ನು ಎತ್ತಿಕೊಳ್ಳಲು ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.