ಹಳೇ ಎಂಎಕ್ಸ್-5ಕ್ಕೆ ಗಾಜಿನ ಕಿಟಕಿಯ ವಿನೈಲ್ ಟಾಪ್: ಕೊಳ್ಳಬಹುದೇ?

1989ರಲ್ಲಿ ಬಂದ ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಎಂಬ ಎರಡು ಸೀಟಿನ ತೆರೆದ ಕಾರು ಇದ್ದರೆ ಅಲಾಯ್ ಚಕ್ರ, ಸ್ಟೀರಿಂಗ್ ಎಂದು ಹೊರಡುವ ಮುಂಚೆ ಟಾಪ್‌ಗೆ, ಅಂದರೆ ಮಡಚುವ ಛಾವಣಿಗೆ, ದುಡ್ಡು ಹಾಕಿ. ಮೂಲ ಟಾಪ್‌ನ ಹಿಂಬದಿ ಕಿಟಕಿ ಪ್ಲಾಸ್ಟಿಕ್ಕಿನದು. ಜಿಪ್ ಬಿಚ್ಚದೆ ಮಡಚಿದರೆ ಗೆರೆ ಬಿದ್ದು ಸೀಳುತ್ತದೆ, ಬಿಸಿಲಿಗೆ ಹಳದಿಯಾಗುತ್ತದೆ. ಗಾಜಿನ ಟಾಪ್‌ನಲ್ಲಿ ಈ ಕಾಟವಿಲ್ಲ.

ಅಳವಡಿಕೆಯಲ್ಲಿ ತಾಳ್ಮೆ ಬೇಕು. ಸೀಟಿನ ಹಿಂದಿನ ಕಾರ್ಪೆಟ್ ಎತ್ತಿ, 10 ಎಂಎಂ ನಟ್ಟುಗಳನ್ನು ಬಿಚ್ಚಿ, ಬಟ್ಟೆಯನ್ನು ಒತ್ತಿ ಹಿಡಿದ ಲೋಹದ ಪಟ್ಟಿಗಳನ್ನು ತೆಗೆಯಬೇಕು. ಅಲ್ಲೇ ಇರುವ, ಮಳೆನೀರು ಹಿಡಿಯುವ ಪ್ಲಾಸ್ಟಿಕ್ ಪಟ್ಟಿ (ರೈನ್ ರೈಲ್) ಹಳೆಯದಾದಂತೆ ಪೆಡಸಾಗಿ, ಕೈ ಹಾಕಿದರೆ ಒಡೆಯುತ್ತದೆ. ಟಾಪ್ ಜೊತೆಗೇ ಹೊಸದನ್ನು ತರಿಸಿ. ಇದರಲ್ಲಿ ಉಳಿತಾಯ ನೋಡಲೇಬೇಡಿ. ಮಳೆನೀರು ಈ ರೈಲ್ ಮೂಲಕವೇ ಸೀಟ್‌ಬೆಲ್ಟ್ ಕಂಬಗಳ ಬಳಿಯ ಡ್ರೈನ್‌ಗಳಿಗೆ (ನೀರು ಹೊರಹೋಗುವ ದಾರಿಗಳಿಗೆ) ಇಳಿಯುವುದು. ಎಲೆ, ಮಣ್ಣು ಕಟ್ಟಿಕೊಂಡರೆ ನೀರು ಒಳಗೆ ನುಗ್ಗಿ ಕಾರ್ಪೆಟ್ ನೆನೆಯುತ್ತದೆ, ಬಾಗಿಲ ಕೆಳಗಿನ ಸಿಲ್ ಒಳಗಿಂದಲೇ ತುಕ್ಕು ಹಿಡಿಯುತ್ತದೆ. ಟಾಪ್ ಬಿಚ್ಚಿರುವಾಗಲೇ ಮೆತ್ತನೆಯ ಉದ್ದ ಬ್ರಷ್‌ನಿಂದ ಡ್ರೈನ್ ಬಿಡಿಸಿ, ನೀರು ಸುರಿದು ನೋಡಿ.

ಹೊಸ ವಿನೈಲ್ ಮೊದಮೊದಲು ಬಹಳ ಬಿಗಿ. ಚಳಿಯಲ್ಲಿ ಎಳೆದಾಡಬೇಡಿ, ಬಿಸಿಲಲ್ಲಿ ಹರಡಿಟ್ಟು ಕೂರಿಸಿ. ಟಾಪನ್ನು ಮುಂಗಾಜಿನ ಚೌಕಟ್ಟಿಗೆ ಹಿಡಿಸುವ ಲ್ಯಾಚ್‌ನ ಕೊಕ್ಕೆಯನ್ನು ಸಡಿಲಿಸಿ ಹಾಕಿ, ಬಟ್ಟೆ ಹಿಗ್ಗಿದ ಮೇಲೆ ಬಿಗಿ ಮಾಡಿ. ಗಾಜಿನಲ್ಲಿ ಮಂಜು ತೆಗೆಯುವ ಹೀಟರ್ ಎಳೆಗಳಿದ್ದರೆ ನಿಮ್ಮ ಕಾರಿನಲ್ಲಿ ಅದರ ವೈರ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಫ್ಯೂಸ್, ರಿಲೇ ಸಮೇತ ಹೊಸದಾಗಿ ಎಳೆಯಬೇಕು.

ದಿನಾ ಓಡಿಸುವವರಿಗೆ ಖಂಡಿತ ಕೊಳ್ಳಿ ಎನ್ನುತ್ತೇವೆ. ಕಾರು ಕಾರ್ಖಾನೆಯಿಂದ ಬಂದಂತೆಯೇ ಇರಬೇಕು ಎನ್ನುವವರು ಮಾತ್ರ ಜಿಪ್ ಇರುವ ಪ್ಲಾಸ್ಟಿಕ್ ಕಿಟಕಿಯದನ್ನೇ ಆರಿಸಲಿ.