ಅಳತೆ ಹಿಡಿದು ತೆಗೆದ ಫೋಟೋನಾ, ಅಳತೆ ಮೀರಿದ್ದಾ?

ಮುಂಬೈನ ಮಾಟುಂಗಾದಲ್ಲಿ ಕಾಫಿಗೆ ಸೇರಿದಾಗಲೆಲ್ಲ ನಮ್ಮ ಕನ್ನಡದ ಹುಡುಗರು ಕೇಳುವುದು ಇದನ್ನೇ: ಮೊದಲು ಕ್ಯಾಮೆರಾದ ನಿಯಮ ಕಲಿಯಬೇಕಾ, ಸುಮ್ನೆ ಮನಸ್ಸಿಗೆ ಬಂದ ಹಾಗೆ ಹೊಡೆಯಬೇಕಾ?

ಸಿಎಸ್‌ಎಂಟಿ ರೈಲು ನಿಲ್ದಾಣದ ಕಟ್ಟಡವನ್ನೇ ತೆಗೆದುಕೊಳ್ಳಿ. ರಾತ್ರಿ ದೀಪ ಹೊತ್ತಿದಾಗ ಅದಕ್ಕೆ ಅಳತೆಯೇ ಬೇಕು. ಟ್ರೈಪಾಡ್, ಐಎಸ್‌ಒ 100 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ), ಎಫ್/8 (ಲೆನ್ಸ್ ಎಷ್ಟು ತೆರೆದಿದೆ ಎಂಬ ಅಳತೆ), ಬಟನ್ ಒತ್ತುವಾಗ ಅಲುಗದಿರಲು ಎರಡು ಸೆಕೆಂಡಿನ ಟೈಮರ್. ಕ್ಯಾಮೆರಾ ಮೇಲಕ್ಕೆ ವಾಲಿದರೆ ಗೋಪುರಗಳು ಹಿಂದಕ್ಕೆ ಬಿದ್ದ ಹಾಗೆ ಕಾಣುತ್ತವೆ. ಅಮೆರಿಕದ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಮತ್ತು ಗೆಳೆಯರು 1932ರಲ್ಲಿ ತಮ್ಮ ಗುಂಪಿಗೆ ಎಫ್/64 (ಲೆನ್ಸ್ ತೀರಾ ಕಿರಿದಾಗಿ ತೆರೆಯುವ ಅಳತೆ) ಎಂದು ಹೆಸರಿಟ್ಟಿದ್ದು ಇಂಥ ಶಾರ್ಪ್ ಫೋಟೋಗಳ ಹುಚ್ಚಿಗೇ.

ಅದೇ ಅಳತೆಯನ್ನು ಸಂಜೆ ಏಳಕ್ಕೆ ದಾದರ್‌ಗೆ ಒಯ್ದರೆ ಮಜಾ ಇಲ್ಲ. ಶಟರ್ ವೇಗ 1/500 ಸೆಕೆಂಡ್ ಇಟ್ಟರೆ ಲೋಕಲ್ ಟ್ರೈನ್ ನಿಂತೇ ಹೋಗುತ್ತದೆ, ಬಾಗಿಲಲ್ಲಿ ಜೋತುಬಿದ್ದವರು ಗೊಂಬೆಗಳ ಥರ. 1/15ಕ್ಕೆ ಇಳಿಸಿ, ಟ್ರೈನ್ ಜೊತೆಗೇ ಕ್ಯಾಮೆರಾ ತಿರುಗಿಸಿ ನೋಡಿ: ಹಿಂದಿನದೆಲ್ಲ ಗೆರೆಗೆರೆಯಾಗಿ, ಒಂದು ಮುಖ ಮಾತ್ರ ಉಳಿದರೆ, ಆ ಧಾವಂತವೇ ಫೋಟೋದೊಳಗೆ ಬಂದುಬಿಡುತ್ತದೆ. ಹತ್ತರಲ್ಲಿ ಒಂಬತ್ತು ಹಾಳು, ಅದು ಬೇರೆ ಮಾತು. ಜಪಾನಿನ ಫೋಟೋಗ್ರಾಫರ್ ದೈದೋ ಮೊರಿಯಾಮ 1960ರ ದಶಕದ ಕೊನೆಯಲ್ಲಿ ಮಸುಕು, ಅಲುಗಾಟ, ದಪ್ಪ ಗ್ರೇನ್ (ಫೋಟೋ ಮೇಲಿನ ಒರಟು ಚುಕ್ಕೆಗಳು) ಇವನ್ನೇ ತಮ್ಮ ಗುರುತು ಮಾಡಿಕೊಂಡರು.

ಆದರೆ 1/15 ಕೂಡ ಲೆಕ್ಕವೇ, ಅಲ್ವಾ?

ಮದುವೆ, ಕಟ್ಟಡ, ಅಂಗಡಿಯ ಸಾಮಾನು, ಅಂದರೆ ದುಡ್ಡು ಕೊಡುವವರಿದ್ದರೆ ಅಳತೆಯೇ ಸರಿ. ನಿಮಗೋಸ್ಕರ ಬೀದಿ ಸುತ್ತುವುದಾದರೆ ಮೂರು ತಿಂಗಳು ಅಳತೆಗಳನ್ನೆಲ್ಲ ನೀವೇ ಹಾಕುವ ಮ್ಯಾನುಯಲ್ ಮೋಡ್‌ನಲ್ಲಿ ಒದ್ದಾಡಿ, ಆಮೇಲೆ ಬೇಕಾದ ಹಾಗೆ ಕೆಡಿಸಿ. ನಾನು ಉಲ್ಟಾ ಮಾಡಿದೆ. ಅಕ್ಕನ ಮಗಳ ನಾಮಕರಣದ ಫೋಟೋಗಳೆಲ್ಲ ಅಲುಗಾಡಿದವು, ಅಕ್ಕ ಇನ್ನೂ ಅದನ್ನು ‘ನಿನ್ನ ಕಲೆ’ ಅಂತ ಆಡಿಕೊಳ್ಳುತ್ತಾಳೆ.