ಮೂತ್ರದ ಉರಿ: ಪಟ್ಟಿ ಪರೀಕ್ಷೆಯೋ, ಕಲ್ಚರೋ?

ಬದಿಯಡ್ಕದ ಮನೆಯಲ್ಲಿ ಹಿಡಿದ ಅಮ್ಮನ ಮೂತ್ರದ ಡಬ್ಬಿ, ಬಸ್ಸು ಹತ್ತಿ ಕಾಸರಗೋಡಿನ ಲ್ಯಾಬ್ ತಲುಪುವಾಗ 3 ಗಂಟೆ ಕಳೆದಿತ್ತು. ಡಬ್ಬಿಯೊಳಗೇ ಬ್ಯಾಕ್ಟೀರಿಯಾ ಬೆಳೆಯುತ್ತವೆ. 2 ಗಂಟೆಯೊಳಗೆ ಕೊಡಬೇಕು, ಆಗದಿದ್ದರೆ ಫ್ರಿಜ್‌ನಲ್ಲಿಡಬೇಕು. ಲ್ಯಾಬ್‌ನಲ್ಲೇ ಹಿಡಿಯುವುದು ಇನ್ನೂ ಒಳ್ಳೆಯದು.

ಬಣ್ಣ ಬದಲಿಸುವ ಚೌಕಗಳಿರುವ ಪಟ್ಟಿಯನ್ನು ಮೂತ್ರದಲ್ಲಿ ಅದ್ದಿ ನೋಡುವುದೇ ಪಟ್ಟಿ ಪರೀಕ್ಷೆ. ಅಗ್ಗ, 2 ನಿಮಿಷದ ಕೆಲಸ. ಹಲವು ಬ್ಯಾಕ್ಟೀರಿಯಾ ಮೂತ್ರದಲ್ಲಿ ನೈಟ್ರೈಟ್ ಎಂಬ ವಸ್ತು ಮಾಡುತ್ತವೆ. ಅದರ ಚೌಕ ಗುಲಾಬಿಯಾದರೆ ಸೋಂಕಿನ ಸಾಧ್ಯತೆ ಜಾಸ್ತಿ. ಆಗದಿದ್ದರೆ ಸೋಂಕಿಲ್ಲ ಎಂದು ಸುಮ್ನೆ ಕೂರಬೇಡಿ. ನೈಟ್ರೈಟ್ ಆಗಲು ಮೂತ್ರ ಸುಮಾರು 4 ಗಂಟೆ ಮೂತ್ರಚೀಲದಲ್ಲಿ ನಿಲ್ಲಬೇಕು. ಉರಿ ಇರುವವರು ಗಳಿಗೆಗೊಮ್ಮೆ ಎದ್ದು ಹೋಗುತ್ತಾರೆ, ಅಲ್ವಾ? ಎಂಟೆರೊಕಾಕಸ್‌ನಂಥ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುವುದೇ ಇಲ್ಲ. ಇನ್ನೊಂದು ಚೌಕ ನೇರಳೆಯಾದರೆ ಬಿಳಿ ರಕ್ತಕಣಗಳಿವೆ ಎಂದರ್ಥ. ಅದೊಂದರಿಂದಲೇ ಸೋಂಕು ಎನ್ನಲಾಗದು.

ಕಲ್ಚರ್ ಎಂದರೆ ಮೂತ್ರದಲ್ಲಿರುವ ರೋಗಾಣುಗಳನ್ನು ಲ್ಯಾಬ್‌ನಲ್ಲಿ ಬೆಳೆಸಿ ನೋಡುವುದು. ಅದಕ್ಕೆ 1-3 ದಿನ ಬೇಕು. ಆದರೆ ಯಾವ ರೋಗಾಣು, ಯಾವ ಆ್ಯಂಟಿಬಯೋಟಿಕ್ ನಾಟುತ್ತದೆ ಎಂದು ಹೇಳುವುದು ಅದೇ. ಗರ್ಭಿಣಿಯರು, ಗಂಡಸರು, ಚಳಿಜ್ವರದ ಜೊತೆ ಸೊಂಟದ ಮೇಲೆ ನೋವಿರುವವರು, ಮತ್ತೆ ಮತ್ತೆ ಸೋಂಕು ಬರುವವರು ಇದನ್ನೇ ಮಾಡಿಸಬೇಕು. ಔಷಧಿ ಶುರುಮಾಡುವ ಮೊದಲೇ ಮೂತ್ರ ಕೊಡಿ.

ಎನ್‌ಜಿಎಎಲ್, ಇಂಟರ್‌ಲ್ಯೂಕಿನ್-8 ಎಂಬ ಹೊಸ ಗುರುತುಗಳು ದೇಹ ಸೋಂಕಿನೊಡನೆ ಹೋರಾಡುವಾಗ ಮೂತ್ರದಲ್ಲಿ ಏರುತ್ತವೆ. ಸಂಶೋಧನೆ ನಡೆದಿದೆ, ದಿನಬಳಕೆಗೆ ಇನ್ನೂ ಬಂದಿಲ್ಲ. ಬರೀ ಬ್ಯಾಕ್ಟೀರಿಯಾ ಇರುವುದನ್ನೂ ನಿಜವಾದ ಸೋಂಕನ್ನೂ ಬೇರೆ ಮಾಡಲು ಇವು ನೆರವಾಗಬಹುದೆಂಬ ಆಸೆ ನನಗಿದೆ. ವಯಸ್ಸಾದ ಹಲವರ ಮೂತ್ರದಲ್ಲಿ ತೊಂದರೆ ಕೊಡದ ಬ್ಯಾಕ್ಟೀರಿಯಾ ಇರುತ್ತವೆ. ಉರಿಯೂ ಇಲ್ಲ, ಜ್ವರವೂ ಇಲ್ಲ, ಆದರೂ ವರದಿ ನೋಡಿ ಮಾತ್ರೆ ನುಂಗುತ್ತಾರೆ.